ಡೀಪ್ ಸ್ಲೀಪ್‌ನಲ್ಲೂ 6 ಮಿಲಿಆಂಪ್ ಯಾಕೆ?

ಇಎಸ್‌ಪಿ32 (ವೈಫೈ ಇರುವ ಪುಟ್ಟ ಕಂಟ್ರೋಲರ್ ಚಿಪ್) ಬೋರ್ಡನ್ನು ಡೀಪ್ ಸ್ಲೀಪ್‌ಗೆ, ಅಂದರೆ ಚಿಪ್ ಬಹುತೇಕ ಆಫ್ ಆಗಿ ಕರೆಂಟ್ ಉಳಿಸುವ ಸ್ಥಿತಿಗೆ, ಹಾಕಿದರೂ 6 ಮಿಲಿಆಂಪ್ ಎಳೆಯುತ್ತಿದೆ, ಡೇಟಾಶೀಟ್‌ನಲ್ಲಿ 10 ಮೈಕ್ರೋಆಂಪ್ ಅಂತ ಇದೆ, ಕೋಡ್ ತಪ್ಪಾ ಅಂತ ಕೇಳಿದ್ದೀರಿ. ಕೋಡ್ ಸರಿಯಾಗಿಯೇ ಇರಬಹುದು. ಆ 10 ಬರೀ ಚಿಪ್‌ನ ಲೆಕ್ಕ. ಬೋರ್ಡ್ ಮೇಲಿನ ಉಳಿದ ಭಾಗಗಳು ಮಲಗುವುದಿಲ್ಲ, ಅಲ್ವಾ?

ಮೊದಲು ವೋಲ್ಟೇಜ್ ರೆಗ್ಯುಲೇಟರ್ (ಚಿಪ್‌ಗೆ ಬೇಕಾದಷ್ಟು ವೋಲ್ಟೇಜ್ ಮಾತ್ರ ಕೊಡುವ ಭಾಗ) ನೋಡಿ. ಅದರ ಮೇಲೆ 1117 ಅಂತ ಬರೆದಿದ್ದರೆ ಕಳ್ಳ ಸಿಕ್ಕ ಹಾಗೆಯೇ. ಲೋಡ್ ಇಲ್ಲದಿದ್ದರೂ ಅದೊಂದೇ ಸುಮಾರು 5 ಮಿಲಿಆಂಪ್ ತಿನ್ನುತ್ತದೆ. 2000 ಎಂಎಎಚ್ ಬ್ಯಾಟರಿ ಇದ್ದರೆ ಹದಿನೇಳು ದಿನಕ್ಕೆ ಖಾಲಿ! ಅದರ ಬದಲು ಎಚ್‌ಟಿ7833 ರೆಗ್ಯುಲೇಟರ್ ಹಾಕಿ ನೋಡಿ. ಅದು ಸಾಮಾನ್ಯವಾಗಿ 4 ಮೈಕ್ರೋಆಂಪ್ ಅಷ್ಟೇ ತೆಗೆದುಕೊಳ್ಳುತ್ತದೆ, 500 ಮಿಲಿಆಂಪ್‌ವರೆಗೂ ಕೊಡುತ್ತದೆ. ವೈಫೈ ಆನ್ ಆದಾಗ ಕರೆಂಟ್ ಒಮ್ಮೆಲೇ ಏರುತ್ತದೆ, ಹಾಗಾಗಿ ಪಕ್ಕದಲ್ಲೇ ಒಂದು ದೊಡ್ಡ ಕೆಪಾಸಿಟರ್ ಇರಲಿ. ಪವರ್ ಎಲ್‌ಇಡಿಯನ್ನು ಕಿತ್ತುಬಿಡಿ. ಯುಎಸ್‌ಬಿ ಚಿಪ್ ಇಲ್ಲದ ಬರೀ ಮಾಡ್ಯೂಲ್ ಬಳಸಿದರೆ ಇನ್ನೂ ಒಳ್ಳೆಯದು.

ಬ್ಯಾಟರಿ ವೋಲ್ಟೇಜ್ ಅಳೆಯಲು ಎರಡು 10ಕೆ ರೆಸಿಸ್ಟರ್ ಹಾಕಿದ್ದೀರಾ? 4.2 ವೋಲ್ಟ್‌ನಲ್ಲಿ ಅವು ಹಗಲು ರಾತ್ರಿ 210 ಮೈಕ್ರೋಆಂಪ್ ಸುಮ್ನೆ ಹರಿಸುತ್ತವೆ. ಬದಲಿಗೆ ಎರಡು 1 ಮೆಗಾಓಮ್ ಹಾಕಿ, ಎಡಿಸಿ ಪಿನ್‌ನಿಂದ (ವೋಲ್ಟೇಜ್ ಓದುವ ಪಿನ್) ಗ್ರೌಂಡ್‌ಗೆ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಕೊಡಿ. ಸೆನ್ಸರ್ ಪವರನ್ನೂ ಮಲಗುವ ಮುಂಚೆ ಕತ್ತರಿಸಿ.

ಅಳೆಯುವಾಗ ಒಂದು ವಿಷಯ, ಇದರಲ್ಲಿ ನನಗೆ ಎರಡು ಸಂಜೆ ಹೋಗಿತ್ತು. ಮಲ್ಟಿಮೀಟರ್ ಮೈಕ್ರೋಆಂಪ್ ರೇಂಜ್‌ನಲ್ಲಿದ್ದರೆ ಮೀಟರ್‌ನಲ್ಲೇ ವೋಲ್ಟೇಜ್ ಕಳೆದುಹೋಗಿ ಬೋರ್ಡ್ ಬೂಟ್ ಆಗದೆ ರಿಸೆಟ್ ಆಗುತ್ತಲೇ ಇರುತ್ತದೆ. ಮೀಟರಿನ ಎರಡು ಪ್ರೋಬ್‌ಗಳ ನಡುವೆ ಒಂದು ವೈರ್ ಹಿಡಿದು ಬೂಟ್ ಮಾಡಿ. ಬೋರ್ಡ್ ಮಲಗಿದ ಮೇಲೆ ವೈರ್ ತೆಗೆದು ಓದಿ. ಬಂದ ಅಂಕಿ ಇಲ್ಲಿ ಹಾಕಿ, ಮುಂದೆ ನೋಡೋಣ.