ಆಂಪ್ಲಿಫೈಯರ್ ಔಟ್‌ಪುಟ್‌ನಲ್ಲಿ 4.2 ವೋಲ್ಟ್ ಡಿಸಿ ಬರುತ್ತಿದೆ, ಸ್ಪೀಕರ್‌ಗೆ ಕಂಡೆನ್ಸರ್ ಹಾಕಿದರೆ ಸಾಕಾ?

ಮೊದಲು ಸ್ಪೀಕರ್ ವೈರ್ ಬಿಚ್ಚಿಡಿ. ಉಳಿದದ್ದೆಲ್ಲ ಆಮೇಲೆ.

ನೀವು ಬರೆದದ್ದು ಇಷ್ಟು. ಪುಣೆಯಲ್ಲಿ ನಿಮ್ಮ ಭಜನಾ ಮಂಡಳಿಯ ಹಳೆಯ ಸ್ಟೀರಿಯೋ ಆಂಪ್, ಪ್ಲಸ್ 35 ಮೈನಸ್ 35 ವೋಲ್ಟ್ ಸಪ್ಲೈ. ಆನ್ ಮಾಡಿದ ಕೂಡಲೇ ಎಡಗಡೆ ಸ್ಪೀಕರ್ ಧಪ್ ಅನ್ನುತ್ತದೆ, ಕೋನ್ ಮುಂದಕ್ಕೆ ಬಂದು ಅಲ್ಲೇ ನಿಲ್ಲುತ್ತದೆ, ಧ್ವನಿ ಜೋರಾದರೆ ಕರಕರ. ಡಿಸಿ, ಅಂದರೆ ಒಂದೇ ದಿಕ್ಕಿನ ಕರೆಂಟ್, ಔಟ್‌ಪುಟ್‌ನಲ್ಲಿ ಸೊನ್ನೆ ಹತ್ತಿರ ಇರಬೇಕು; ಮೀಟರ್ ಇಟ್ಟರೆ ಎಡಗಡೆ 4.2 ವೋಲ್ಟ್ ಡಿಸಿ, ಬಲಗಡೆ 18 ಮಿಲಿವೋಲ್ಟ್. ಸ್ಪೀಕರ್‌ಗೆ ಸೀರೀಸಲ್ಲಿ ಒಂದು ದೊಡ್ಡ ಕಂಡೆನ್ಸರ್ (ಕೆಪಾಸಿಟರ್) ಹಾಕಿದರೆ ಸಾಕಲ್ವಾ ಅಂತ ಕೇಳಿದ್ದೀರಿ.

ಸಾಲದು. ಡಿಸಿ ಸ್ಪೀಕರ್‌ಗೆ ಹೋಗುವುದು ನಿಲ್ಲುತ್ತದೆ, ನಿಜ. ಆದರೆ ಆಂಪಿನ ಒಳಗಿನ ಕಾಯಿಲೆ ಹಾಗೇ ಬೆಳೆಯುತ್ತಾ ಇರುತ್ತದೆ. ಕಂಡೆನ್ಸರ್ ಚಿಕ್ಕದಾದರೆ ಡಗ್ಗಾದ ಗುಂ ಅನ್ನುವ ಸದ್ದೂ ಹೋಗುತ್ತದೆ. 8 ಓಮ್ ಸ್ಪೀಕರ್‌ಗೆ 470 ಮೈಕ್ರೋಫ್ಯಾರಡ್ ಹಾಕಿದರೆ ಸುಮಾರು 42 ಹರ್ಟ್ಸ್‌ನಿಂದ ಕೆಳಗೆ ಇಳಿತ ಶುರು.

8 ಓಮ್ ಸ್ಪೀಕರಿನ ಕಾಯಿಲ್ (ಒಳಗಿನ ತಂತಿ ಸುರುಳಿ) ಅನ್ನು ಮೀಟರ್‌ನಲ್ಲಿ ಅಳೆದರೆ 6 ಓಮ್ ಆಸುಪಾಸು ಇರುತ್ತದೆ. 4.2 ವೋಲ್ಟ್ ಅಂದರೆ 0.7 ಆಂಪಿಯರ್, ಹತ್ತಿರ ಹತ್ತಿರ 3 ವಾಟ್ ಬಿಸಿ, ಹಾಡು ಇರಲಿ ಇಲ್ಲದಿರಲಿ. ಇಷ್ಟಕ್ಕೆ ಕಾಯಿಲ್ ತಕ್ಷಣ ಸುಡುವುದಿಲ್ಲ. ಆದರೆ ಕೋನ್ ನಡುವಿನಲ್ಲಿ ಇಲ್ಲ, ಅದಕ್ಕೇ ಕರಕರ. ಇದೇ 35 ವೋಲ್ಟ್ ಆಗಿಬಿಟ್ಟರೆ 200 ವಾಟ್ ಬಿಸಿ. ಆಗ ಸುಟ್ಟ ವಾಸನೆ ಬರಲು ಹೆಚ್ಚು ಹೊತ್ತು ಬೇಡ.

ಈಗ ಒಳ್ಳೆಯ ಸುದ್ದಿ. ನಿಮ್ಮದು 35 ಅಲ್ಲ, 4.2. ಪವರ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿದ್ದರೆ ಔಟ್‌ಪುಟ್ ಒಂದು ಕಡೆಯ ಸಪ್ಲೈಗೇ ಹೋಗಿ ಅಂಟಿಕೊಳ್ಳುತ್ತಿತ್ತು, ಇಲ್ಲವೇ ಫ್ಯೂಸ್ ಹೋಗುತ್ತಿತ್ತು. ನಡುವೆ ಎಲ್ಲೋ ಬಂದು ಅಲುಗಾಡದೆ ನಿಂತಿದೆ ಅಂದರೆ ಆಂಪ್ ಕೆಲಸ ಮಾಡುತ್ತಿದೆ, ತಪ್ಪು ಲೆಕ್ಕ ಹಿಡಿದು ಮಾಡುತ್ತಿದೆ. ಆ ತಪ್ಪು ಹೆಚ್ಚಾಗಿ ಮುಂಭಾಗದ ಸಣ್ಣ ಭಾಗಗಳಲ್ಲಿ ಇರುತ್ತದೆ. ಹಾಗಾಗಿ ಬುಧವಾರ ಪೇಠೆಗೆ ಹೋಗಿ 5200, 1943 ಪವರ್ ಟ್ರಾನ್ಸಿಸ್ಟರ್ ಜೋಡಿ ತರಬೇಡಿ. ನಾನು ಇಲ್ಲಿ ಮುಂಬೈಯ ಲ್ಯಾಮಿಂಗ್ಟನ್ ರೋಡಿನಿಂದ ಹಾಗೆ ತಂದು ಹಾಕಿದ್ದೆ, ಡಿಸಿ ಇದ್ದಷ್ಟೇ ಇತ್ತು.

ಬಾಕ್ಸ್ ತೆರೆಯುವ ಮೊದಲು ಒಂದು ಸೀರೀಸ್ ಬಲ್ಬ್ ಮಾಡಿಕೊಳ್ಳಿ. ಮೇನ್ಸ್‌ನ ಫೇಸ್ ವೈರ್‌ನಲ್ಲಿ 60 ವಾಟಿನ ಹಳೆ ಕಾಲದ ಫಿಲಮೆಂಟ್ ಬಲ್ಬ್, ಎಲ್‌ಇಡಿ ಆಗುವುದಿಲ್ಲ. ಆನ್ ಮಾಡಿದಾಗ ಒಮ್ಮೆ ಮಿಂಚಿ ಮಂದವಾದರೆ ಸರಿ. ಜೋರಾಗಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ, ಆಫ್ ಮಾಡಿ. ಆಫ್ ಆದ ಮೇಲೂ ದೊಡ್ಡ ಫಿಲ್ಟರ್ ಕಂಡೆನ್ಸರ್‌ಗಳಲ್ಲಿ ಚಾರ್ಜ್ ಇರುತ್ತದೆ. 100 ಓಮ್ 10 ವಾಟ್ ರೆಸಿಸ್ಟರ್ ಇಟ್ಟು ಇಳಿಸಿ, ಸ್ಕ್ರೂ ಡ್ರೈವರ್‌ನಿಂದ ಕಿಡಿ ಹಾರಿಸಬೇಡಿ.

ಮೊದಲ ಅಳತೆ ಎರಡೂ ಸಪ್ಲೈ. ಪ್ಲಸ್ 35 ಇದ್ದರೆ ಮೈನಸ್ಸೂ ಅಷ್ಟೇ ಇರಬೇಕು. ಎಷ್ಟೋ ಸಲ ಒಂದು ಕಡೆಯ ಫ್ಯೂಸ್ ಹೋಗಿರುತ್ತದೆ, ಅಷ್ಟೇ ಕಥೆ. ನಿಮ್ಮ ಬಲ ಚಾನೆಲ್ ಸರಿ ಇದೆ, ಆದ್ದರಿಂದ ಮುಖ್ಯ ಸಪ್ಲೈ ಸರಿ ಇರಬೇಕು. ಆದರೂ ಎಡಗಡೆ ಬೋರ್ಡಿನ ಮೇಲೇ ಪ್ರೋಬ್ ಇಟ್ಟು ನೋಡಿ.

ಆಮೇಲೆ ಎಡ ಚಾನೆಲ್ಲಿನ ಇನ್‌ಪುಟ್ ಬಳಿ ಅಕ್ಕಪಕ್ಕ ನಿಂತ ಎರಡು ಸಣ್ಣ ಟ್ರಾನ್ಸಿಸ್ಟರ್ ಹುಡುಕಿ. ಒಂದರ ಬೇಸ್‌ಗೆ (ಟ್ರಾನ್ಸಿಸ್ಟರನ್ನು ನಿಯಂತ್ರಿಸುವ ಕಾಲು) ಹಾಡು ಬರುತ್ತದೆ. ಇನ್ನೊಂದರ ಬೇಸ್‌ಗೆ ಔಟ್‌ಪುಟ್‌ನಿಂದ 22 ಕೆ (ಕಿಲೋ ಓಮ್) ಅಥವಾ ಅಂಥದೇ ರೆಸಿಸ್ಟರ್ ಬಂದಿರುತ್ತದೆ. ಅದೇ ಬೇಸ್‌ನಿಂದ 680 ಓಮ್ ಅಥವಾ 1 ಕೆ ರೆಸಿಸ್ಟರ್, ಅದರ ಜೊತೆ ಸೀರೀಸಲ್ಲಿ 47 ಅಥವಾ 100 ಮೈಕ್ರೋಫ್ಯಾರಡ್ ಕಂಡೆನ್ಸರ್, ಗ್ರೌಂಡ್‌ಗೆ. ಇದೇ ಫೀಡ್‌ಬ್ಯಾಕ್ ಕಂಡೆನ್ಸರ್, ಆಂಪ್ ತನ್ನ ಔಟ್‌ಪುಟ್ ನೋಡಿ ತಿದ್ದಿಕೊಳ್ಳುವ ದಾರಿಯದು. ನನ್ನ ಅನುಮಾನ ಪೂರ್ತಿ ಇದರ ಮೇಲೆ.

ಕಾರಣ ಹೇಳುತ್ತೇನೆ. ಹಾಡಿಗೆ ಈ ಆಂಪ್ 33 ಪಟ್ಟು ಹೆಚ್ಚಿಸುತ್ತದೆ, 22 ಕೆಯನ್ನು 680ರಿಂದ ಭಾಗಿಸಿ ಒಂದು ಸೇರಿಸಿದರೆ ಅದೇ ಬರುತ್ತದೆ. ಡಿಸಿಗೆ ಮಾತ್ರ ಒಂದೇ ಪಟ್ಟು, ಯಾಕೆಂದರೆ ಕಂಡೆನ್ಸರ್ ಡಿಸಿಯನ್ನು ಗ್ರೌಂಡ್‌ಗೆ ಬಿಡುವುದಿಲ್ಲ. ಅದು ಲೀಕ್ ಆಯಿತು ಅನ್ನಿ, ಆಗ ಡಿಸಿಗೂ 33 ಪಟ್ಟು. ಇನ್‌ಪುಟ್ ಟ್ರಾನ್ಸಿಸ್ಟರಿನಲ್ಲಿ 1 ಮಿಲಿಆಂಪಿಯರ್ ಓಡುತ್ತಿದ್ದು ಅದರ ಗೇನ್ (ಹೆಚ್ಚಿಸುವ ಪಟ್ಟು) 200 ಇದ್ದರೆ ಬೇಸ್ ಕರೆಂಟ್ 5 ಮೈಕ್ರೋಆಂಪಿಯರ್. ಇನ್‌ಪುಟ್ ಬೇಸ್‌ನಿಂದ ಗ್ರೌಂಡ್‌ಗೆ ಇರುವ ಇನ್ನೊಂದು 22 ಕೆ ಮೇಲೆ ಅದು 110 ಮಿಲಿವೋಲ್ಟ್ ಆಗುತ್ತದೆ. ಎರಡೂ ಬೇಸ್‌ಗೆ 22 ಕೆ ಇರುವಾಗ ಒಂದರ ಮೇಲಿನ ವೋಲ್ಟೇಜ್ ಇನ್ನೊಂದರದ್ದನ್ನು ಸರಿದೂಗಿಸುತ್ತದೆ. ಕಂಡೆನ್ಸರ್ ಲೀಕ್ ಆದರೆ ಆ ಸಮತೋಲ ಹೋಯಿತು, 110 ಮಿಲಿವೋಲ್ಟ್ ಗುಣಿಸು 33, ಅಂದರೆ 3.6 ವೋಲ್ಟ್. ನಿಮ್ಮ 4.2ರ ಪಕ್ಕದಲ್ಲೇ ಇದೆ, ನೋಡಿ.

ಪರೀಕ್ಷೆಗೆ ಬೆಸುಗೆ ಬಿಚ್ಚುವುದೂ ಬೇಡ. ಆಂಪಿನ ಹಿಂಬದಿಯ ಇನ್‌ಪುಟ್ ಪಿನ್ ಗ್ರೌಂಡ್‌ಗೆ ಶಾರ್ಟ್ ಮಾಡಿ, ಆಂಪ್ ಆನ್ ಮಾಡಿ, ಈ ಕಂಡೆನ್ಸರಿನ ಎರಡು ಕಾಲುಗಳ ನಡುವೆ ಡಿಸಿ ಅಳೆಯಿರಿ. ಔಟ್‌ಪುಟ್‌ನಲ್ಲಿ 4.2 ಇದ್ದು ಇಲ್ಲಿ ಸೊನ್ನೆ ಹತ್ತಿರ ತೋರಿಸಿದರೆ ಕಂಡೆನ್ಸರ್ ಹೋಗಿದೆ. ಇಲ್ಲೂ 4 ವೋಲ್ಟ್ ಆಸುಪಾಸು ಇದ್ದರೆ ಕಂಡೆನ್ಸರ್ ಸರಿ ಇದೆ, ಡಿಸಿ ಬೇರೆ ಕಡೆಯಿಂದ ಬರುತ್ತಿದೆ. ಅದರ ಕಾಲು ಎತ್ತಿ ಆನ್ ಮಾಡಿ ನೋಡಬೇಡಿ. ಆಗ ಗೇನ್ ಒಂದಕ್ಕೆ ಇಳಿದು ಕೆಲವು ಆಂಪ್ ತಾವಾಗಿಯೇ ಆಸಿಲೇಟ್ ಆಗಿ (ಹಾಡಿಲ್ಲದೆಯೂ ಕಂಪಿಸಿ) ಟ್ರಾನ್ಸಿಸ್ಟರ್ ಸುಡುತ್ತವೆ.

ಡೊಂಬಿವಲಿಯಲ್ಲಿ ನಮ್ಮ ಬಿಲ್ಡಿಂಗಿನ ಗಣಪತಿ ಆಂಪಿನಲ್ಲಿ ನಾನು ಇದನ್ನೇ ನೋಡಿದೆ. ಚತುರ್ಥಿಗೆ ನಾಲ್ಕು ದಿನ, ಹೊರಗೆ ಮಳೆ. ಔಟ್‌ಪುಟ್ 2.9, ಕಂಡೆನ್ಸರ್ ಮೇಲೆ ಬರೀ 0.04. ಬಿಚ್ಚಿ ಮೀಟರ್‌ಗೆ ಹಚ್ಚಿದರೆ ಕಂಡೆನ್ಸರ್ ತೋರಿದ್ದು 300 ಓಮ್. ಅದರ ಬುಡದಲ್ಲಿ ಹಳದಿ ಅಂಟು ಒಣಗಿ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಈ ಹಳೆ ಅಂಟು ವರ್ಷಗಳ ಬಿಸಿಗೆ ಕಂದಾಗಿ ಕರೆಂಟ್ ಹರಿಸಲು ಶುರು ಮಾಡುತ್ತದೆ, ತಾಮ್ರದ ಕಾಲುಗಳನ್ನೂ ತಿನ್ನುತ್ತದೆ. ಕಂಡೆನ್ಸರ್ ಮಾತ್ರ ಬದಲಿಸಿ ಅಂಟು ಬಿಟ್ಟರೆ ಕೆಲಸ ಅರ್ಧ. ಮರದ ಕಡ್ಡಿಯಿಂದ ಕೆರೆದು, ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ, ಚೆನ್ನಾಗಿ ಒಣಗಿಸಿ. ಹೊಸದನ್ನು ಹಾಕಿದ ಮೇಲೆ ನಮ್ಮದು 21 ಮಿಲಿವೋಲ್ಟ್‌ಗೆ ಬಂತು. 50ರ ಒಳಗಿದ್ದರೆ ನಾನು ನೆಮ್ಮದಿಯಿಂದ ಮುಚ್ಚುತ್ತೇನೆ.

ಪ್ಲಸ್ ಮೈನಸ್ ನೋಡಿ ಹಾಕಿ. ಹಿಂದೆ ರಿಪೇರಿ ಮಾಡಿದವರು ಉಲ್ಟಾ ಹಾಕಿರುವುದೂ ಉಂಟು, ಬಲ ಚಾನೆಲ್ ನೋಡಿ ಹೋಲಿಸಿ. ನಕ್ಷೆ ಇಲ್ಲ ಅಂತ ಬೇಸರ ಮಾಡಿಕೊಂಡಿದ್ದೀರಲ್ಲ, ಸರಿ ಇರುವ ಆ ಚಾನೆಲ್ಲೇ ನಿಮ್ಮ ನಕ್ಷೆ. ಒಂದೊಂದು ಕಾಲಿನ ವೋಲ್ಟೇಜನ್ನೂ ಎರಡೂ ಕಡೆ ಬರೆದುಕೊಳ್ಳಿ. ಪ್ರೋಬ್ ಜಾರಿದರೆ ಎರಡು ಕಾಲು ಶಾರ್ಟ್ ಆಗಿ ಹೊಸ ತೊಂದರೆ. ಕಪ್ಪು ಪ್ರೋಬನ್ನು ಗ್ರೌಂಡಿಗೆ ಕ್ಲಿಪ್ ಹಾಕಿ, ಒಂದೇ ಕೈಯಿಂದ ಅಳೆಯಿರಿ.

ಕಂಡೆನ್ಸರ್ ಮೇಲೂ 4 ಬಂದರೆ ಹಿಂದಕ್ಕೆ ಹೋಗಿ. ಹಾಡನ್ನು ಬಿಟ್ಟು ಡಿಸಿ ತಡೆಯುವ ಇನ್‌ಪುಟ್ ಕಪ್ಲಿಂಗ್ ಕಂಡೆನ್ಸರ್ ಲೀಕ್ ಆಗಿ, ಬಾಸ್ ಟ್ರೆಬಲ್ ತಿರುಗಿಸುವ ಟೋನ್ ಬೋರ್ಡಿನ ಡಿಸಿ ಒಳಗೆ ಬರುತ್ತಿರಬಹುದು. ಅಲ್ಲಿ 4558 ಐಸಿ ಇದ್ದರೆ ಅದರ 8ನೇ ಮತ್ತು 4ನೇ ಪಿನ್ ನೋಡಿ. ಪ್ಲಸ್ 15, ಮೈನಸ್ 15ರಲ್ಲಿ ಒಂದು ಇಲ್ಲದಿದ್ದರೆ ಐಸಿ ಔಟ್‌ಪುಟ್ಟೇ ಒಂದು ಕಡೆ ವಾಲಿರುತ್ತದೆ. ಆ 15 ವೋಲ್ಟ್ ಹಿಡಿದಿಡುವ ಝೀನರ್ ಡಯೋಡ್‌ಗೆ ಹೋಗುವ ರೆಸಿಸ್ಟರ್ ಬಿಸಿಯಾಗಿ ಬೆಸುಗೆ ಬಿಟ್ಟಿರುತ್ತದೆ, ಬೋರ್ಡಿನ ಹಿಂದೆ ಉಂಗುರದಂತೆ ಬಿರುಕು ಕಾಣಿಸುತ್ತದೆ. ಅದೂ ಸರಿ ಇದ್ದರೆ ಇನ್‌ಪುಟ್ ಬಳಿಯ ಆ ಜೋಡಿ ಸಣ್ಣ ಟ್ರಾನ್ಸಿಸ್ಟರ್ ಎರಡನ್ನೂ ಒಟ್ಟಿಗೆ ಬದಲಿಸಿ.

ಕಾರಿನ ಡ್ಯಾಶ್‌ಬೋರ್ಡ್ ಸ್ಟೀರಿಯೋ ಇಟ್ಟುಕೊಂಡು ಇದನ್ನು ಓದುವವರಿಗೆ ಒಂದು ಮಾತು: ಅದರಲ್ಲಿ ಸ್ಪೀಕರಿನ ಎರಡೂ ವೈರಿನಲ್ಲಿ ಗ್ರೌಂಡ್‌ಗೆ 6, 7 ವೋಲ್ಟ್ ಇರುವುದು ಸಹಜ. ಎರಡು ವೈರಿನ ನಡುವೆ ಅಳೆಯಬೇಕು.

ಸರಿ ಆದ ಮೇಲೆ ಅರ್ಧ ಗಂಟೆ ಆನ್ ಬಿಟ್ಟು, ಆಂಪ್ ಬಿಸಿಯಾದಾಗ ಮತ್ತೆ ಅಳೆಯಿರಿ. ಡಿಸಿ ಬಂದರೆ ಸ್ಪೀಕರ್ ಸಂಪರ್ಕ ಕಡಿಯುವ ಸ್ಪೀಕರ್ ಪ್ರೊಟೆಕ್ಷನ್ ರಿಲೇ ಬೋರ್ಡ್ ಒಂದನ್ನು ಈಗಲೇ ಹಾಕಿಸಿ. ನಿಮ್ಮದರಲ್ಲಿ ಅದು ಇಲ್ಲವಾದ್ದರಿಂದಲೇ ಆ ಧಪ್ ನೇರವಾಗಿ ಸ್ಪೀಕರಿಗೆ ಹೋಗಿದೆ. ಎಡ ಸ್ಪೀಕರ್ ಜೋಡಿಸುವ ಮೊದಲು ಎರಡೂ ಅಂಗೈಯಿಂದ ಕೋನನ್ನು ಸಮವಾಗಿ, ಮೆಲ್ಲಗೆ ಒತ್ತಿ ಬಿಡಿ. ಒಳಗೆ ಉಜ್ಜಿದ ಸದ್ದು ಬರದಿದ್ದರೆ ಕಾಯಿಲ್ ಉಳಿದಿದೆ. ಆ ಕಂಡೆನ್ಸರಿನ ಅಳತೆ ಎಷ್ಟು ಬಂತು ಅಂತ ಇಲ್ಲೇ ಬರೆಯಿರಿ, ಮುಂದಿನದು ಅಲ್ಲಿಂದ ನೋಡೋಣ.