ಮಗನಿಗಾಗಿ ಟ್ರಸ್ಟ್: ಮಂಡ್ಯದ ಮೇಷ್ಟ್ರಿಗೆ ಉತ್ತರ

ಮೇಷ್ಟ್ರೇ, ನಿಮ್ಮ ಕಾಗದ ಓದಿದೆ. ಬುದ್ಧಿಮಾಂದ್ಯನಾದ ಇಪ್ಪತ್ತಾರರ ಮಗ, ಬೆಂಗಳೂರಿನಲ್ಲಿರುವ ಮಗಳು, ಮಂಡ್ಯದಲ್ಲಿ ನೀವೇ ಕಟ್ಟಿಸಿದ ಮನೆ, ಊರಲ್ಲಿ ಪಿತ್ರಾರ್ಜಿತವಾಗಿ ಬಂದ ಎರಡು ಎಕರೆ ನಾಲೆ ಬಯಲು. ನಿಮ್ಮ ಕಾಲಾನಂತರ ಹುಡುಗನಿಗಾಗಿ ಟ್ರಸ್ಟ್ ಮಾಡಬೇಕು, ಆದರೆ ಆಸ್ತಿ ಸರ್ಕಾರದ ಪಾಲಾದೀತೇ, ಒಳ್ಳೆಯ ವಕೀಲರು ಎಲ್ಲಿ ಸಿಗುತ್ತಾರೆ ಎಂಬುದು ನಿಮ್ಮ ಪ್ರಶ್ನೆ.

ಸರ್ಕಾರದ ಪಾಲಾಗುವುದಿಲ್ಲ. ನಿಮಗೆ ಬೇಕಿರುವುದು ಧರ್ಮಾರ್ಥ ಸಂಸ್ಥೆಯಲ್ಲ, 1882ರ ಭಾರತೀಯ ನ್ಯಾಸ ಕಾಯ್ದೆಯಡಿ ಬರುವ ಖಾಸಗಿ ಟ್ರಸ್ಟ್. ಮನೆ ಟ್ರಸ್ಟಿಗಳ ಕೈಯಲ್ಲಿರುತ್ತದೆ, ಅದರ ಫಲ ಮಗನದು. ಟ್ರಸ್ಟಿ ಸ್ವಂತ ಲಾಭಕ್ಕೆ ಅದನ್ನು ಮುಟ್ಟುವಂತಿಲ್ಲ. ಸ್ಥಿರಾಸ್ತಿಯಾದ್ದರಿಂದ ಪತ್ರ ನೋಂದಣಿಯಾಗಲೇಬೇಕು. ಇಲ್ಲವೇ ಉಯಿಲಿನಲ್ಲೇ ಟ್ರಸ್ಟ್ ಬರೆದಿಡಬಹುದು. ಉಯಿಲನ್ನಾದರೆ ನೀವು ಇರುವವರೆಗೂ ತಿದ್ದಬಹುದು. ನೋಂದಣಿಯಾದ ಟ್ರಸ್ಟ್ ಪತ್ರವನ್ನು ರದ್ದು ಮಾಡುವ ಹಕ್ಕನ್ನು ಅದರಲ್ಲೇ ಬರೆದುಕೊಂಡಿರದಿದ್ದರೆ ಮುಂದೆ ಫಲಾನುಭವಿಯ ಒಪ್ಪಿಗೆ ಬೇಕು. ನಿಮ್ಮ ಮಗ ಆ ಒಪ್ಪಿಗೆ ಕೊಡಲಾರ.

ಗದ್ದೆಯ ಮಾತು ಬೇರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಪಾಲು. ಮೊದಲು ವಿಭಾಗ ಪತ್ರವಾಗಬೇಕು, ಆಮೇಲೆ ನಿಮ್ಮ ಪಾಲಿನ ಯೋಚನೆ. ‘ಅವಳೇನೂ ಅನ್ನೋದಿಲ್ಲ’ ಎಂದು ಬರೆದಿದ್ದೀರಿ. ಅವಳನ್ನು ಕೇಳಿದ್ದೀರಾ?

ನನಗೆ ಕಳವಳ ತಂದದ್ದು ನಿಮ್ಮ ಇನ್ನೊಂದು ಸಾಲು: ಅಣ್ಣನ ಮಗನೊಬ್ಬನೇ ಟ್ರಸ್ಟಿ ಸಾಕು ಎಂದದ್ದು. ಹುಡುಗ ಒಳ್ಳೆಯವನೇ ಇರಬಹುದು. ನಾಳೆ ಅವನಿಗೆ ದುಬೈನಲ್ಲಿ ಕೆಲಸ ಸಿಕ್ಕರೆ? ಅವನೇ ತೀರಿಕೊಂಡರೆ? ಇಬ್ಬರಾದರೂ ಇರಲಿ, ಒಬ್ಬರು ರಕ್ತಸಂಬಂಧಿಯಲ್ಲದವರಾದರೆ ಇನ್ನೂ ಒಳ್ಳೆಯದು. ಒಬ್ಬರು ಬಿಟ್ಟರೆ ಆ ಜಾಗಕ್ಕೆ ಯಾರು, ವರ್ಷಕ್ಕೊಮ್ಮೆ ಲೆಕ್ಕ ನೋಡುವವರು ಯಾರು, ಮನೆ ಮಾರಬಹುದೇ, ಮಗನ ನಂತರ ಆಸ್ತಿ ಯಾರಿಗೆ, ಇವೆಲ್ಲ ಪತ್ರದಲ್ಲಿ ಬರಲಿ. ಟ್ರಸ್ಟ್ ಆಸ್ತಿಯನ್ನು ನೋಡಿಕೊಳ್ಳುತ್ತದೆ, ನಿಮ್ಮ ಮಗನನ್ನಲ್ಲ. ಅವನಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸಲು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿಗೆ ಬೇರೆಯೇ ಅರ್ಜಿ ಹಾಕಬೇಕು.

ವಕೀಲರು ಜಾಹೀರಾತು ಕೊಡುವಂತಿಲ್ಲ, ಹಾಗಾಗಿ ಬಾಯಿಮಾತೇ ಗತಿ. ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದಿನ ಪತ್ರ ಬರಹಗಾರರು ಕ್ರಯಪತ್ರಕ್ಕೆ ಸರಿ, ಇದಕ್ಕಲ್ಲ. ಭಾಗದ ದಾವೆ ನಡೆಸಿದ ಸಿವಿಲ್ ವಕೀಲರನ್ನು ನೋಡಿ. ಇಂಥ ಪತ್ರಗಳು ಕೋರ್ಟಿನಲ್ಲಿ ಎಲ್ಲಿ ಬಿರುಕು ಬಿಡುತ್ತವೆಂದು ಅವರಿಗೆ ಗೊತ್ತು. ಮಗನ ವಿಶೇಷ ಶಾಲೆಯಲ್ಲಿ, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಪರಿಚಯವಾದ ಹೆತ್ತವರನ್ನೂ ವಿಚಾರಿಸಿ. ಖಾಸಗಿ ಟ್ರಸ್ಟ್ ಬರೆದಿದ್ದೀರಾ, ಕರಡಿಗೆ ಎಷ್ಟು, ನೋಂದಣಿಗೆ ಎಷ್ಟು ಎಂದು ಸಂಕೋಚವಿಲ್ಲದೆ ಕೇಳಿ. ನಿಮ್ಮನ್ನು ಏನೂ ಕೇಳದೆ ‘ನಾಳೆ ಬನ್ನಿ, ರೆಡಿ ಇರುತ್ತೆ’ ಎನ್ನುವವರ ಸಹವಾಸ ಬೇಡ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅಂಗವಿಕಲರಿಗೆ ಉಚಿತ ಕಾನೂನು ನೆರವಿದೆ, ಸಹಾಯವಾಣಿ 15100. ಬರೆಯುವ ರೀತಿಯ ಮೇಲೆ ತೆರಿಗೆಯ ದರವೂ ಬದಲಾಗುವುದರಿಂದ ಕರಡನ್ನು ಒಬ್ಬ ಆಡಿಟರ್‌ಗೂ ತೋರಿಸಿ.

ಮೊದಲ ಭೇಟಿಗೆ ಪಹಣಿ, ಮನೆಪತ್ರ, ಇ.ಸಿ. (ಋಣಭಾರ ಪ್ರಮಾಣಪತ್ರ), ಮಗನ ಅಂಗವಿಕಲತೆಯ ಪ್ರಮಾಣಪತ್ರ ಒಯ್ಯಿರಿ. ಆಗುವುದಾದರೆ ಮಗಳನ್ನೂ ಕರೆದುಕೊಂಡು ಹೋಗಿ.

— ಸಂಪಾದಕ