ಓದುಗರ ಪ್ರಶ್ನೆ: ಚಿನ್ನದ ನಾಡಿನಲ್ಲಿ ನೀರಿನ ಹಾದಿ

ಪ್ರಶ್ನೆ: ಮೆಲ್ಬರ್ನ್‌ನಲ್ಲಿರುವ ಮಗನ ಮನೆಗೆ ಹೋಗುವವಳಿದ್ದೇನೆ. ಅಲ್ಲಿಗೆ ಸಮೀಪದ ಹಳೆಯ ಗಣಿ ಪ್ರದೇಶದಲ್ಲಿ ‘ಗೋಲ್ಡ್‌ಫೀಲ್ಡ್ಸ್ ಟ್ರ್ಯಾಕ್’ ಎಂಬ ಉದ್ದನೆಯ ಹಾದಿಯಿದೆಯಂತೆ. ನನಗೆ ನಡಿಗೆಯ ಅಭ್ಯಾಸವಿದೆ, ಮಗ ಸೈಕಲ್ ತುಳಿಯುತ್ತಾನೆ. ಪೂರ್ತಿ ಮುಗಿಸಲಾಗದವರು ಯಾವ ಭಾಗವನ್ನು ಆರಿಸಿಕೊಳ್ಳಬೇಕು? ಒಂದು ಭಾಗಕ್ಕೆ ‘ಡ್ರೈ ಡಿಗಿಂಗ್ಸ್’ ಎಂಬ ಹೆಸರೇಕೆ?

ಉತ್ತರ: ಬಲ್ಲರಾಟ್ ಬಳಿಯ ಬನಿನ್‌ಯಾಂಗ್ ಬೆಟ್ಟದಿಂದ ಬೆಂಡಿಗೊವರೆಗೆ ಸುಮಾರು 210 ಕಿ.ಮೀ. ಸಾಗುವ ಈ ಹಾದಿಯಲ್ಲಿ ಮೂರು ಭಾಗಗಳಿವೆ. ಡೇಲ್ಸ್‌ಫರ್ಡ್‌ವರೆಗಿನದು ಯುರೇಕಾ ಟ್ರ್ಯಾಕ್. ಪರವಾನಗಿ ಶುಲ್ಕದ ಕಿರುಕುಳಕ್ಕೆ ಸಿಡಿದೆದ್ದ ಗಣಿಗಾರರ ಮೇಲೆ 1854ರ ಡಿಸೆಂಬರ್ 3ರಂದು ಬಲ್ಲರಾಟ್‌ನಲ್ಲಿ ನಡೆದ ದಾಳಿಯನ್ನು ಆ ಹೆಸರು ನೆನಪಿಸುತ್ತದೆ. ಅಲ್ಲಿಂದ ಕ್ಯಾಸಲ್‌ಮೇನ್‌ವರೆಗೆ ಡ್ರೈ ಡಿಗಿಂಗ್ಸ್, ಮುಂದೆ ಬೆಂಡಿಗೊವರೆಗೆ ಲಿಯಾಂಗನೂಕ್. ಈ ಕೊನೆಯದು ಅಲೆಕ್ಸಾಂಡರ್ ಬೆಟ್ಟಕ್ಕೆ ಅಲ್ಲಿನ ಮೂಲನಿವಾಸಿಗಳಾದ ಜಾ ಜಾ ವುರುಂಗ್ ಜನರು ಇಟ್ಟ ಹೆಸರು.

ನಿಮ್ಮ ಎರಡನೆಯ ಪ್ರಶ್ನೆಯಲ್ಲಿಯೇ ಮೊದಲನೆಯದರ ಉತ್ತರವೂ ಅಡಗಿದೆ. 1851ರಲ್ಲಿ ಇಲ್ಲಿ ಚಿನ್ನ ಸಿಕ್ಕಾಗ ಜನರು ಅಗೆದದ್ದು ಹೆಚ್ಚಾಗಿ ಹಳ್ಳಕೊಳ್ಳಗಳ ಮಣ್ಣನ್ನು. ಅದನ್ನು ಜಾಲಿಸಿ ಚಿನ್ನದ ಕಣಗಳನ್ನು ಬೇರ್ಪಡಿಸಲು ನೀರು ಬೇಕೇಬೇಕು. ಬೇಸಿಗೆಯಲ್ಲಿ ಹಳ್ಳಗಳು ಬತ್ತುತ್ತಿದ್ದುದರಿಂದ, ನೀರಿಲ್ಲದ ತಾಣದಲ್ಲಿ ಅಗೆದವರು ಮಣ್ಣನ್ನು ನೀರಿರುವಲ್ಲಿಗೆ ಹೊತ್ತು ಸಾಗಿಸಬೇಕಿತ್ತು, ಇಲ್ಲವೇ ರಾಶಿ ಹಾಕಿ ಮಳೆಗೆ ಕಾಯಬೇಕಿತ್ತು. ಅಂಥ ತಾಣಗಳೇ ಡ್ರೈ ಡಿಗಿಂಗ್ಸ್. ಈ ಕೊರತೆಯನ್ನು ನೀಗಿಸಲು ಗುಡ್ಡಗಳ ಮೈಯನ್ನು ಬಳಸಿಕೊಂಡು, ನೀರು ತಾನಾಗಿಯೇ ಹರಿಯುವಷ್ಟು ಮಾತ್ರ ಇಳಿಜಾರಿಟ್ಟು, ಮೈಲಿಗಟ್ಟಲೆ ಕಾಲುವೆಗಳನ್ನು ತೋಡಿದರು. ಕೊಲಿಬಾನ್ ನದಿಯ ನೀರು ಇಂಥದೇ ದೊಡ್ಡ ನಾಲೆಯಲ್ಲಿ 1877ರಲ್ಲಿ ಬೆಂಡಿಗೊ ತಲುಪಿತು. ಚಿನ್ನಕ್ಕಾಗಿ ಬಂದವರ ಕೆಲಸಗಳಲ್ಲಿ ನನಗೆ ಚಿನ್ನಕ್ಕಿಂತ ಈ ಕಾಲುವೆಗಳೇ ಹೆಚ್ಚು ಬೆರಗು ಹುಟ್ಟಿಸುತ್ತವೆ.

ಲಿಯಾಂಗನೂಕ್ ಭಾಗವು ಸಾಕಷ್ಟು ದೂರ ಆ ನಾಲೆಯ ದಂಡೆಯ ಮೇಲೆಯೇ ಸಾಗುವುದರಿಂದ ಅಲ್ಲಿ ಏರಿಳಿತ ಬಹಳ ಕಡಿಮೆ. ಅಲೆಕ್ಸಾಂಡರ್ ಬೆಟ್ಟದ ಏರು ಮಾತ್ರ ಕಾಲಿಗೆ ಕೆಲಸ ಕೊಡುತ್ತದೆ. ಸುಮಾರು 60 ಕಿ.ಮೀ. ಉದ್ದದ ಈ ಭಾಗದ ಎರಡೂ ತುದಿಗಳಿಗೆ ಮೆಲ್ಬರ್ನ್‌ನಿಂದ ನೇರ ರೈಲಿದೆ. ಆದ್ದರಿಂದ ನಿಮ್ಮಿಬ್ಬರಿಗೂ ಇದೇ ಒಪ್ಪುತ್ತದೆ. ಮಗ ಪೂರ್ತಿ ಹೋಗಲಿ, ನೀವು ನಾಲೆಯ ದಂಡೆಯ ಒಂದು ದಿನದ ನಡಿಗೆಯನ್ನು ಆರಿಸಿಕೊಳ್ಳಿ. ಬಿಡುವಿದ್ದರೆ ಕ್ಯಾಸಲ್‌ಮೇನ್ ಪಕ್ಕದ ಚೂಟನ್‌ನಲ್ಲಿ, 20 ಮೀಟರಿಗೂ ಹೆಚ್ಚು ವ್ಯಾಸದ ನೀರಿನ ಚಕ್ರವೊಂದನ್ನು ಹೊತ್ತಿದ್ದ ಕಲ್ಲಿನ ಆಧಾರಗಳನ್ನು ನೋಡಿ ಬನ್ನಿ.

ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಅಲ್ಲಿ ಕಡು ಬೇಸಿಗೆ, ಕಾಡ್ಗಿಚ್ಚಿನ ಭಯವೂ ಉಂಟು; ಮಾರ್ಚ್‌ನಿಂದ ಮೇ ಅಥವಾ ಸೆಪ್ಟೆಂಬರ್‌ನಿಂದ ನವೆಂಬರ್ ಹಿತಕರ. ಕುಡಿಯುವ ನೀರನ್ನು ಜೊತೆಯಲ್ಲೇ ಒಯ್ಯಿರಿ, ಹಳ್ಳದ ನೀರನ್ನು ನಂಬಬೇಡಿ. ಪೊದೆಗಳ ನಡುವೆ ಬಾಯ್ದೆರೆದ ಹಳೆಯ ಗಣಿಬಾವಿಗಳು ಇಂದಿಗೂ ಇರುವುದರಿಂದ ಛಾಯಾಚಿತ್ರಕ್ಕೆಂದು ಸಹ ಹಾದಿ ಬಿಟ್ಟು ಒಳನುಗ್ಗಬಾರದು. ಮಗನಿಗೂ ಇದನ್ನು ಮೊದಲೇ ಹೇಳಿಡಿ.